ಥೈರಾಯ್ಡ್‌ಗೆ ಒಳ್ಳೆ ಡಾಕ್ಟರ್ ಬೇಕು: ಚಿತ್ರದುರ್ಗ, ದಾವಣಗೆರೆ ಕಡೆ ಯಾರಿದ್ದಾರೆ?

ಚಳ್ಳಕೆರೆ ಟೀಚರ್
ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ, ಪ್ರೈಮರಿ ಸ್ಕೂಲ್ ಟೀಚರ್. ಬೇಸಿಗೆ ರಜೆಯಿಂದ ಈಚೆಗೆ ವಿಪರೀತ ಸುಸ್ತು. ಸಂಜೆ ಮನೆಗೆ ಬಂದರೆ ಚಪ್ಪಲಿ ಬಿಟ್ಟ ಜಾಗದಲ್ಲೇ ಕೂತುಬಿಡೋಣ ಅನಿಸುತ್ತೆ. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಊರಿನ ಡಾಕ್ಟರ್ ರಕ್ತ ಟೆಸ್ಟ್ ಮಾಡಿಸಿದರು. ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನ ಕೆಲಸಕ್ಕೆ ಹಚ್ಚೋ ಹಾರ್ಮೋನ್ ಅಂತೆ) 7.8, ಜಾಸ್ತಿ; ಟಿ4 (ಆ ಗ್ರಂಥಿ ಮಾಡೋ ಹಾರ್ಮೋನ್) ನಾರ್ಮಲ್. "ಥೈರಾಯ್ಡ್ ಬಂದಿದೆ, ಜೀವನಪೂರ್ತಿ ಮಾತ್ರೆ" ಅಂತ 50 ಮೈಕ್ರೋಗ್ರಾಂದು ಬರೆದುಕೊಟ್ಟರು.

ಗಾಬರಿಯಾಗಿ ಚಿತ್ರದುರ್ಗದಲ್ಲಿ ಇನ್ನೊಬ್ಬರಿಗೆ ತೋರಿಸಿದೆ. ಅವರು ರಿಪೋರ್ಟ್ ಮೇಲೆ ಒಂದು ಸಲ ಕಣ್ಣಾಡಿಸಿ "ಇಷ್ಟಕ್ಕೆಲ್ಲ ಮಾತ್ರೆ ಯಾಕಮ್ಮ, ಆರಾಮಾಗಿರಿ" ಅಂದರು. ನಾದಿನಿ ಬಿಡಲಿಲ್ಲ, ದಾವಣಗೆರೆಯಲ್ಲಿ ಮೂರನೆಯವರ ಹತ್ತಿರ ಹೋದೆವು. ಅವರು ವಿಟಮಿನ್, ಲಿವರ್, ಕಿಡ್ನಿ, ಸ್ಕ್ಯಾನ್ ಎಲ್ಲ ಬರೆದರು. ಬಿಲ್ ನೋಡಿ ನಮ್ಮ ಯಜಮಾನ್ರು ವಾಪಸ್ ಬರೋವರೆಗೂ ಮಾತೇ ಆಡಲಿಲ್ಲ. ಅಲ್ಲಿ ಟಿಎಸ್‌ಎಚ್ 3.9 ಬಂತು! ಆದರೂ 75ರ ಮಾತ್ರೆ ಶುರು ಮಾಡಿ ಅಂದರು.

ಇನ್ನೂ ಯಾವ ಮಾತ್ರೆಯನ್ನೂ ನುಂಗಿಲ್ಲ. ಯಾರನ್ನ ನಂಬೋದು? ಈ ಕಡೆ ಒಳ್ಳೆ ಥೈರಾಯ್ಡ್ ಡಾಕ್ಟರ್ ಇದ್ದರೆ ಹೇಳಿ. ಇಲ್ಲ ಬೆಂಗಳೂರಿಗೇ ಹೋಗಬೇಕಾ?

ಬೆಣ್ಣೆದೋಸೆ
ಬೆಂಗಳೂರಿಗೆ ಹೋಗಿ ಅಕ್ಕ. ಇಲ್ಲಿ ಎಲ್ಲ ದುಡ್ಡು ಹೊಡೆಯೋರೇ.

ಮಲ್ನಾಡ್ ಮಂಜ
ಹಾಗೆ ಒಂದೇ ಏಟಿಗೆ ಹೇಳಬೇಡಿ ಮಾರಾಯ್ರೆ. ಬೆಂಗಳೂರಲ್ಲೂ ದುಡ್ಡು ಹೊಡೆಯೋರು ಇದ್ದಾರೆ, ಅಲ್ಲಿ ಎಸಿ ಹಾಕಿ ಹೊಡೀತಾರೆ ಅಷ್ಟೆ.

ರೂಪಾ ಹಾಸನ
ನನಗೆ ಮದುವೆಗೆ ಮೊದಲಿಂದಲೂ ಥೈರಾಯ್ಡ್ ಇದೆ. ನನ್ನ ಅನುಭವದ ಮಾತು: ಡಿಎಂ ಎಂಡೋಕ್ರೈನಾಲಜಿ ಮಾಡಿದವರನ್ನೇ ನೋಡಿ. ಎಂಬಿಬಿಎಸ್ ಆದಮೇಲೆ ಎಂಡಿ ಮೂರು ವರ್ಷ, ಅದರ ಮೇಲೆ ಡಿಎಂ ಇನ್ನೂ ಮೂರು ವರ್ಷ. ಹಾರ್ಮೋನ್ ವಿಷಯವನ್ನೇ ಓದಿರುತ್ತಾರೆ. ಅದಕ್ಕೆ ಸಮನಾದ ಡಿಎನ್‌ಬಿ ಎಂಡೋಕ್ರೈನಾಲಜಿ ಇದ್ದರೂ ಆಯ್ತು.

"ಶುಗರ್ ಮತ್ತು ಥೈರಾಯ್ಡ್ ಸ್ಪೆಷಲಿಸ್ಟ್" ಅಂತ ಬೋರ್ಡ್ ಹಾಕಿಕೊಂಡವರೆಲ್ಲ ಅದನ್ನ ಓದಿರಲ್ಲ. ನಮ್ಮೂರಲ್ಲಿ ಒಂದು ಕ್ಲಿನಿಕ್ ಮುಂದೆ ಚಿಟ್ಟೆ ಚಿತ್ರದ ದೊಡ್ಡ ಬೋರ್ಡ್ ಇದೆ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಎಂಬಿಬಿಎಸ್, ಆಮೇಲೆ ಯಾವುದೋ ಸರ್ಟಿಫಿಕೇಟ್ ಕೋರ್ಸ್. ಆ ಸಣ್ಣ ಅಕ್ಷರ ಓದಿ.

ಸುಬ್ಬು ಮಾಸ್ತರ್
ಚಿಟ್ಟೆ ಯಾಕೆ?

ರೂಪಾ ಹಾಸನ
ಥೈರಾಯ್ಡ್ ಗ್ರಂಥಿ ಚಿಟ್ಟೆ ಆಕಾರದಲ್ಲಿ ಇರುತ್ತೆ ಸರ್, ಕುತ್ತಿಗೆ ಮುಂಭಾಗದಲ್ಲಿ. ಅದಕ್ಕೇ ಎಲ್ಲ ಬೋರ್ಡ್‌ನಲ್ಲೂ ಚಿಟ್ಟೆ.

ವಾರ್ಡ್ ರೌಂಡ್ಸ್
ನಾನು ಮೆಡಿಸಿನ್ ಪಿಜಿ ಮಾಡ್ತಿದ್ದೀನಿ. ಇಲ್ಲಿ ಕೂತು ಯಾರಿಗೂ ಔಷಧಿ ಬರೆಯಲ್ಲ, ಆದರೆ ಒಂದೆರಡು ವಿಷಯ ಹೇಳಬಹುದು.

ಟೀಚರ್ ಮೇಡಂ, ಮೊದಲ ಇಬ್ಬರು ಡಾಕ್ಟರ್ ಹೇಳಿದ್ದು ಒಂದಕ್ಕೊಂದು ಉಲ್ಟಾ ಅನಿಸಿದರೂ ಇಬ್ಬರೂ ಪೂರ್ತಿ ತಪ್ಪಲ್ಲ. ಟಿ4 ನಾರ್ಮಲ್ ಇದ್ದು ಟಿಎಸ್‌ಎಚ್ ಮಾತ್ರ ಜಾಸ್ತಿ ಇದ್ದರೆ ಅದನ್ನು ಸಬ್‌ಕ್ಲಿನಿಕಲ್ ಹೈಪೋಥೈರಾಯ್ಡ್ ಅಂತೀವಿ. ಹೈಪೋ ಅಂದ್ರೆ ಗ್ರಂಥಿ ಕಡಿಮೆ ಕೆಲಸ ಮಾಡೋದು, ಇದು ಅದರ ಆರಂಭದ ಹಂತ. 10ಕ್ಕಿಂತ ಕಡಿಮೆ ಇದ್ದಾಗ ಸಾಮಾನ್ಯವಾಗಿ ಎರಡು ಮೂರು ತಿಂಗಳು ಬಿಟ್ಟು ಇನ್ನೊಂದು ಸಲ ಟೆಸ್ಟ್ ಮಾಡಿಸಿ ಆಮೇಲೆ ತೀರ್ಮಾನ ಮಾಡೋದು. ಎಷ್ಟೋ ಜನಕ್ಕೆ ತಾನಾಗೇ ಇಳಿದುಬಿಡುತ್ತೆ. ಹಾಗಂತ "ಆರಾಮಾಗಿರಿ" ಅಂತ ಕಳಿಸೋದೂ ಸರಿಯಲ್ಲ, ಮತ್ತೆ ಯಾವಾಗ ಟೆಸ್ಟ್ ಅಂತ ಹೇಳಬೇಕು. 3.9ಕ್ಕೆ ನೇರ 75 ಯಾಕೆ ಅನ್ನೋದು ನನಗೂ ಅರ್ಥ ಆಗಲಿಲ್ಲ.

ಮಾತ್ರೆ ಬೇಕೋ ಬೇಡವೋ ಅನ್ನೋದು ಬರೀ ಆ ನಂಬರ್ ನೋಡಿ ಆಗೋದಲ್ಲ. ಕೆಲವು ಪ್ರಶ್ನೆ: ಆಂಟಿ ಟಿಪಿಒ ಟೆಸ್ಟ್ (ದೇಹವೇ ಥೈರಾಯ್ಡ್ ಮೇಲೆ ಬೀಳ್ತಿದೆಯಾ ಅಂತ ನೋಡೋದು) ಆಗಿದೆಯಾ? ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಇದೆಯಾ? ಮುಟ್ಟು ಸರಿಯಾಗಿ ಆಗುತ್ತಾ? ಮಗುವಿನ ಯೋಚನೆ ಇದೆಯಾ? ಇದನ್ನೆಲ್ಲ ಅವರಲ್ಲಿ ಯಾರಾದರೂ ಕೇಳಿದರಾ?

ಚಳ್ಳಕೆರೆ ಟೀಚರ್
ಅಮ್ಮನಿಗೆ ಥೈರಾಯ್ಡ್ ಇದೆ. ಮುಟ್ಟು ಸ್ವಲ್ಪ ಹಿಂದೆ ಮುಂದೆ. ಎರಡನೇ ಮಗುವಿಗೆ ಈ ವರ್ಷ ಪ್ರಯತ್ನ ಮಾಡೋಣ ಅಂತಿದ್ದೀವಿ. ಮೂವರಲ್ಲಿ ಒಬ್ಬರೂ ಇದನ್ನ ಕೇಳಲಿಲ್ಲ ಸರ್. ನಾನೂ ಇದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಅಂದುಕೊಂಡಿರಲಿಲ್ಲ.

ವಾರ್ಡ್ ರೌಂಡ್ಸ್
ಹಾಗಾದರೆ ಲೆಕ್ಕ ಪೂರ್ತಿ ಬೇರೆ ಮೇಡಂ. ಮೊದಲ ಮೂರು ತಿಂಗಳು ಹೊಟ್ಟೆಯಲ್ಲಿರೋ ಮಗುವಿಗೆ ತಾಯಿಯ ಥೈರಾಯ್ಡ್ ಹಾರ್ಮೋನೇ ಆಧಾರ, ಅದರ ಗ್ರಂಥಿ ಇನ್ನೂ ಕೆಲಸ ಶುರು ಮಾಡಿರಲ್ಲ. ಅದಕ್ಕೇ ಮಗು ಬೇಕು ಅನ್ನೋರಲ್ಲಿ ಡಾಕ್ಟರ್‌ಗಳು ಜಾಸ್ತಿ ಎಚ್ಚರ ವಹಿಸ್ತಾರೆ. ಮಾತ್ರೆ ತಗೊಳ್ಳೋರಿಗೆ ಟಿಎಸ್‌ಎಚ್ 2.5ಕ್ಕಿಂತ ಕೆಳಗೆ ತಂದು ಆಮೇಲೆ ಪ್ರಯತ್ನ ಮಾಡಿ ಅಂತಾರೆ. ನಿಮಗೆ ಮಾತ್ರೆ ಬೇಕಾ, ಎಷ್ಟು ಬೇಕು ಅನ್ನೋದನ್ನ ಎದುರಿಗೆ ಕೂತು ನೋಡಿದವರು ಹೇಳಬೇಕು. "ಮಗುವಿನ ಯೋಚನೆ ಇದೆ" ಅನ್ನೋದನ್ನ ಅವರು ಕೇಳಲಿ ಬಿಡಲಿ, ಮೊದಲ ವಾಕ್ಯದಲ್ಲೇ ನೀವೇ ಹೇಳಿಬಿಡಿ.

ಧಾರವಾಡದಾಕಿ
ಇದು ಖರೇ ಮಾತ್ ನೋಡ್ರಿ. ನಂಗ ಎರಡನೇ ಬಸಿರಿನ್ಯಾಗ ಮಾತ್ರಿ ಜಾಸ್ತಿ ಮಾಡಿದ್ರು, ಹಡೆದ ಮ್ಯಾಲೆ ಮತ್ತ ಕಡಿಮಿ ಮಾಡಿದ್ರು. ನಮ್ಮ ಓಣ್ಯಾಗ ಒಬ್ಬಾಕಿ "ಬಸಿರಿದ್ದಾಗ ಯಾವ ಗುಳಿಗಿನೂ ಬ್ಯಾಡ" ಅಂತ ತಾನಾಗೇ ನಿಲ್ಲಿಸಿಬಿಟ್ಟಿದ್ಲು, ಡಾಕ್ಟ್ರು ಕಡೀಕ ಗದರಿಸಿ ಶುರು ಮಾಡಿಸಿದ್ರು.

ವಾರ್ಡ್ ರೌಂಡ್ಸ್
ಹೌದು ಅಕ್ಕ, ಬಸಿರಲ್ಲಿ ಡೋಸ್ ಸಾಮಾನ್ಯವಾಗಿ ಕಾಲು ಭಾಗದಷ್ಟು, ಕೆಲವರಿಗೆ ಅದಕ್ಕಿಂತ ಜಾಸ್ತಿ ಏರಿಸಬೇಕಾಗುತ್ತೆ. ಈ ಮಾತ್ರೆಯನ್ನು ಬಸಿರಿನಲ್ಲಿ ನಿಲ್ಲಿಸಲೇಬಾರದು. ಮುಟ್ಟು ನಿಂತಿದೆ ಅಂತ ಗೊತ್ತಾದ ವಾರವೇ ಡಾಕ್ಟರ್‌ಗೆ ತಿಳಿಸಬೇಕು.

ಔಷಧಂಗಡಿ ಅಣ್ಣ
ನಾನು ಮೆಡಿಕಲ್ ಶಾಪ್ ನಡೆಸ್ತೀನಿ. ಟೀಚರಮ್ಮ, ಒಂದು ಪ್ರಶ್ನೆ. ಕೂದಲು ಉದುರುತ್ತೆ ಅಂದ್ರಲ್ಲ, ಅದಕ್ಕೆ ಏನಾದರೂ ಮಾತ್ರೆ ತಗೋತಿದ್ದೀರಾ? ಕೂದಲು, ಉಗುರಿಗೆ ಅಂತ ಮಾರೋ ಬಯೋಟಿನ್ ಮಾತ್ರೆ?

ಚಳ್ಳಕೆರೆ ಟೀಚರ್
ಹೌದಣ್ಣ. ಮೊದಲ ಟೆಸ್ಟ್ ಆದಮೇಲೆ ನಮ್ಮ ಸ್ಕೂಲಿನ ಇನ್ನೊಬ್ಬ ಟೀಚರ್ ಹೇಳಿದರು ಅಂತ ಶುರು ಮಾಡಿದೆ. ದಿನಕ್ಕೆ ಒಂದು.

ಔಷಧಂಗಡಿ ಅಣ್ಣ
ಅದಕ್ಕೇ ಕೇಳಿದ್ದು. ಬಯೋಟಿನ್ ಕೆಲವು ಲ್ಯಾಬ್ ಮೆಷಿನ್‌ಗಳ ಲೆಕ್ಕ ಕೆಡಿಸುತ್ತೆ. ಟಿಎಸ್‌ಎಚ್ ಇರೋದಕ್ಕಿಂತ ಕಡಿಮೆ ತೋರಿಸಬಹುದು, ಟಿ4 ಜಾಸ್ತಿ ತೋರಿಸಬಹುದು. ನಿಮ್ಮ 3.9 ಇದರಿಂದಲೇ ಬಂತು ಅಂತ ಹೇಳಲ್ಲ. ಆ ಲ್ಯಾಬ್ ಯಾವ ವಿಧಾನದಲ್ಲಿ ಮಾಡ್ತಾರೆ ಅನ್ನೋದರ ಮೇಲೆ ಹೋಗುತ್ತೆ. ಆದರೆ ಮುಂದಿನ ಟೆಸ್ಟ್‌ಗೆ ಎರಡು ಮೂರು ದಿನ ಮೊದಲೇ ಅದನ್ನ ನಿಲ್ಲಿಸಿ, ಲ್ಯಾಬ್‌ನವರಿಗೂ ಹೇಳಿ.

ವಾರ್ಡ್ ರೌಂಡ್ಸ್
ಅಣ್ಣಂಗೆ ದೊಡ್ಡ ನಮಸ್ಕಾರ. ನಾನು ಇದನ್ನೇ ಕೇಳೋಣ ಅಂತ ಬಂದೆ, ಅಷ್ಟರಲ್ಲಿ ಕೇಳಿಬಿಟ್ಟಿದ್ದೀರಿ.

ಇನ್ನೊಂದು ಕಾರಣವೂ ಇರಬಹುದು. ಟಿಎಸ್‌ಎಚ್ ದಿನವಿಡೀ ಒಂದೇ ಥರ ಇರಲ್ಲ, ರಾತ್ರಿ ಮತ್ತು ಬೆಳಗಿನ ಜಾವ ಜಾಸ್ತಿ, ಮಧ್ಯಾಹ್ನದ ಮೇಲೆ ಕಡಿಮೆ. ಒಂದು ಟೆಸ್ಟ್ ಬೆಳಿಗ್ಗೆ ಏಳಕ್ಕೆ, ಇನ್ನೊಂದು ಮಧ್ಯಾಹ್ನ ಮೂರಕ್ಕೆ ಕೊಟ್ಟರೆ ವ್ಯತ್ಯಾಸ ಬಂದೇ ಬರುತ್ತೆ. ಒಂದೇ ಲ್ಯಾಬ್, ಒಂದೇ ಹೊತ್ತು ಇಟ್ಟುಕೊಳ್ಳಿ.

ಚಳ್ಳಕೆರೆ ಟೀಚರ್
ಮೊದಲನೆಯದು ಬೆಳಿಗ್ಗೆ. ದಾವಣಗೆರೆಯಲ್ಲಿ ಊಟ ಮಾಡಿದ ಮೇಲೆ ಕೊಟ್ಟಿದ್ದು.

ಬೆಣ್ಣೆದೋಸೆ
ಅಯ್ಯೋ ಮಾತ್ರೆ, ಮಧ್ಯಾಹ್ನ, ಎಲ್ಲ ಸೇರಿ 3.9. ಆ ರಿಪೋರ್ಟ್ ನೋಡಿ 75 ಬರೆದವರಿಗೆ ಏನು ಹೇಳೋಣ.

ಕುಂಬಳಕಾಯಿ
ಇಷ್ಟೆಲ್ಲ ತಲೆಬಿಸಿ ಯಾಕೆ? ಎಲೆಕೋಸು, ಹೂಕೋಸು, ರಾಗಿ ಬಿಟ್ಟುಬಿಡಿ. ನಮ್ಮ ಚಿಕ್ಕಮ್ಮ ರಾಗಿ ಬಿಟ್ಟ ಮೇಲೆ ಥೈರಾಯ್ಡ್ ಕಡಿಮೆ ಆಯ್ತು.

ಮುದ್ದೆ ಸಾರು
ರಾಗಿ ಬಿಡಬೇಕಾ? ಮಂಡ್ಯಕ್ಕೆ ಬಂದು ಇದನ್ನ ಜೋರಾಗಿ ಹೇಳಿ ನೋಡೋಣ.

ರೂಪಾ ಹಾಸನ
😂 ನಾನು ಇಷ್ಟು ವರ್ಷದಿಂದ ರಾತ್ರಿ ಮುದ್ದೆ ತಿಂದುಕೊಂಡೇ ಟಿಎಸ್‌ಎಚ್ 2ರ ಆಸುಪಾಸು ಇಟ್ಟುಕೊಂಡಿದ್ದೀನಿ.

ವಾರ್ಡ್ ರೌಂಡ್ಸ್
ಎಲೆಕೋಸನ್ನ ಬೇಯಿಸಿ ಎಲ್ಲರೂ ತಿನ್ನೋ ಅಳತೆಯಲ್ಲಿ ತಿಂದರೆ ಏನೂ ಆಗಲ್ಲ. ಅಯೋಡಿನ್ ಕೊರತೆ ಇರೋ ಜಾಗದಲ್ಲಿ, ಸಜ್ಜೆಯನ್ನೇ ಮೂರು ಹೊತ್ತೂ ತಿನ್ನೋರಲ್ಲಿ ಗಂಟಲು ಊತದ ಬಗ್ಗೆ ಅಧ್ಯಯನ ಆಗಿದೆ. ಅದನ್ನ ತಂದು ವಾರಕ್ಕೆರಡು ದಿನ ಮುದ್ದೆ ತಿನ್ನೋರ ಮೇಲೆ ಹೇರಬೇಡಿ. ಸೋಯಾ ಮಾತ್ರ ಮಾತ್ರೆ ಜೊತೆಗೇ ಬೇಡ, ಅದು ಮಾತ್ರೆಯನ್ನ ಸರಿಯಾಗಿ ಹೀರಿಕೊಳ್ಳೋಕೆ ಬಿಡಲ್ಲ.

ಕುಂಬಳಕಾಯಿ
ಚಿಕ್ಕಮ್ಮ ಮಾತ್ರೆನೂ ತಗೋತಿದ್ರು ಬಿಡಿ.

ಮುದ್ದೆ ಸಾರು
ಅದನ್ನ ಮೊದಲು ಹೇಳಬಾರದಾ ಗುರೂ!

ಸಹಜ ಬದುಕು
ಎಲ್ಲದಕ್ಕೂ ಕಾರಣ ಅಯೋಡಿನ್ ಉಪ್ಪು. ಕಂಪನಿಗಳ ಪಿತೂರಿ. ನಾವು ಮನೆಯಲ್ಲಿ ಸೈಂಧವ ಲವಣ ಮಾತ್ರ ಬಳಸೋದು. ಹಿಂದೆ ನಮ್ಮ ಅಜ್ಜಿಯರಿಗೆ ಎಲ್ಲಿತ್ತು ಥೈರಾಯ್ಡ್?

ಮಲ್ನಾಡ್ ಮಂಜ
ಎಲ್ಲಿತ್ತು ಅಂತೀರಾ? ಕೊಪ್ಪ, ಶೃಂಗೇರಿ ಕಡೆ ಬನ್ನಿ. ನಮ್ಮ ಅಜ್ಜಿಗೆ ಗಳಗಂಡ ಇತ್ತು. ಸೆರಗು ಕುತ್ತಿಗೆ ಸುತ್ತ ಸುತ್ತಿಕೊಂಡೇ ಇರುತ್ತಿದ್ದರು, ಫೋಟೋ ತೆಗೆಸಿಕೊಳ್ಳೋಕೆ ಒಪ್ತಾನೇ ಇರಲಿಲ್ಲ. ಆಗೆಲ್ಲ ಊರಲ್ಲಿ ಇನ್ನೂ ಒಂದಿಬ್ಬರಿಗೆ ಇತ್ತು, ಯಾರೂ ಅದನ್ನ ಕಾಯಿಲೆ ಅಂತ ಲೆಕ್ಕಕ್ಕೇ ಇಡುತ್ತಿರಲಿಲ್ಲ. ಮಳೆ ಜಾಸ್ತಿ ಇರೋ ಗುಡ್ಡದ ಮಣ್ಣಲ್ಲಿ ಅಯೋಡಿನ್ ಕೊಚ್ಚಿ ಹೋಗಿರುತ್ತೆ. ಸರ್ಕಾರ 1962ರಲ್ಲೇ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿದ್ದು ಸುಮ್ನೆ ಅಲ್ಲ. ಈಗ ನನ್ನ ಮಕ್ಕಳ ಕ್ಲಾಸಲ್ಲಿ ಒಬ್ಬರಿಗೂ ಆ ಗಂಟು ಇಲ್ಲ.

ಸಹಜ ಬದುಕು
ಆದರೆ ಹೈಪೋ ಜಾಸ್ತಿ ಆಗಿದೆ ಅನ್ನೋದು ಸುಳ್ಳಾ?

ವಾರ್ಡ್ ರೌಂಡ್ಸ್
ಟೆಸ್ಟ್ ಮಾಡಿಸೋರು ಜಾಸ್ತಿ ಆದರೆ ಸಿಗೋದೂ ಜಾಸ್ತಿ ಆಗುತ್ತೆ, ಅದೂ ಒಂದು ಕಾರಣ. ಅಯೋಡಿನ್ ಸಾಕಷ್ಟು ಸಿಗೋ ಕಡೆ ಹೈಪೋಗೆ ದೊಡ್ಡ ಕಾರಣ ಹಾಶಿಮೊಟೊ, ಅಂದ್ರೆ ದೇಹವೇ ತನ್ನ ಗ್ರಂಥಿಯ ಮೇಲೆ ಬೀಳೋದು. ಅಯೋಡಿನ್ ಅತಿಯಾದರೂ ಕೆಲವರಿಗೆ ತೊಂದರೆ ನಿಜ. ಅದಕ್ಕೇ ಅಯೋಡಿನ್ ಡ್ರಾಪ್ಸ್, ಕೆಲ್ಪ್ (ಕಡಲ ಪಾಚಿ) ಮಾತ್ರೆ ಸ್ವಂತಕ್ಕೆ ತಗೋಬೇಡಿ. ಮನೆ ಉಪ್ಪಲ್ಲಿ ಅಯೋಡಿನ್ ಇರಬೇಕಾದ್ದು ಕನಿಷ್ಠ 15 ಪಿಪಿಎಂ, ಅಂದ್ರೆ ಹತ್ತು ಲಕ್ಷ ಪಾಲಿಗೆ 15 ಪಾಲು, ಅದು ಅತಿ ಅಲ್ಲ. ಬಸಿರಿಗೆ ತಯಾರಾಗುತ್ತಿರೋ ಹೆಂಗಸಿಗೆ ಸೈಂಧವ ಲವಣ ಮಾತ್ರ ಬಳಸಿ ಅಂತ ಮಾತ್ರ ದಯವಿಟ್ಟು ಹೇಳಬೇಡಿ.

ನಿರ್ವಾಹಕ
"ಥೈರಾಯ್ಡ್ ಬೇರುಸಹಿತ ವಾಸಿ, ಮಾತ್ರೆ ಬಿಡಿಸುತ್ತೇವೆ" ಅಂತ ಫೋನ್ ನಂಬರ್ ಸಮೇತ ಬಂದ ಎರಡು ಪೋಸ್ಟ್ ತೆಗೆದಿದ್ದೇನೆ. ಜಾಹೀರಾತು ಬೇಡ. ಡಾಕ್ಟರ್‌ಗಳ ಖಾಸಗಿ ನಂಬರ್ ಕೂಡ ಬೇಡ.

ಕಾವೇರಿ ತೀರ
ಆಯುರ್ವೇದದ ಬಗ್ಗೆ ಒಂದು ಮಾತು. ನನಗೆ ಕಾಂಚನಾರ ಗುಗ್ಗುಲು ಕೊಟ್ಟಿದ್ದರು, ಆರಾಮ ಅನಿಸಿತ್ತು. ಎಲ್ಲವನ್ನೂ ಜಾಹೀರಾತು ಅಂತ ತಳ್ಳಿಹಾಕಬೇಡಿ.

ರೂಪಾ ಹಾಸನ
ಆರಾಮ ಅನಿಸಿದ್ದು ಸರಿ, ಟಿಎಸ್‌ಎಚ್ ಎಷ್ಟಾಯ್ತು?

ಕಾವೇರಿ ತೀರ
ಟೆಸ್ಟ್ ಮಾಡಿಸಲಿಲ್ಲ.

ವಾರ್ಡ್ ರೌಂಡ್ಸ್
ಯಾವ ಪದ್ಧತಿಯ ಔಷಧಿ ಬೇಕಾದರೂ ತಗೊಳ್ಳಿ, ಟೆಸ್ಟ್ ಮಾತ್ರ ಮಾಡಿಸಿ. ಗ್ರಂಥಿ ಪೂರ್ತಿ ಕೆಲಸ ನಿಲ್ಲಿಸಿದವರು ಲೆವೊಥೈರಾಕ್ಸಿನ್, ಅಂದ್ರೆ ಹೈಪೋಗೆ ಕೊಡೋ ಈ ಮಾತ್ರೆ, ಬಿಟ್ಟರೆ ಮೊದಲ ವಾರ ಏನೂ ಗೊತ್ತೇ ಆಗಲ್ಲ. ಆ ಮಾತ್ರೆಯ ಅರ್ಧದಷ್ಟು ರಕ್ತದಿಂದ ಹೋಗೋಕೇ ಸುಮಾರು ಏಳು ದಿನ ಬೇಕು. ಅದಕ್ಕೇ "ಬಿಟ್ಟೆ, ಏನೂ ಆಗಲಿಲ್ಲ" ಅಂತ ಅನಿಸೋದು. ತಿಂಗಳಾದ ಮೇಲೆ ಹಿಡ್ಕೊಳ್ಳುತ್ತೆ.

ಲೀಡ್ಸ್ ಲಿಂಗರಾಜು
ನಾನು ಇಂಗ್ಲೆಂಡಲ್ಲಿ ಇರೋದು. ಇಲ್ಲಿ ಸಾಮಾನ್ಯ ಹೈಪೋ ಥೈರಾಯ್ಡ್‌ಗೆ ಯಾರೂ ಸ್ಪೆಷಲಿಸ್ಟ್ ಹತ್ತಿರ ಕಳಿಸಲ್ಲ. ನಮ್ಮ ಜಿಪಿ, ಅಂದ್ರೆ ಏರಿಯಾ ಡಾಕ್ಟರೇ ನೋಡ್ಕೋತಾರೆ. ಡೋಸ್ ಕೂತುಕೊಂಡ ಮೇಲೆ ವರ್ಷಕ್ಕೊಮ್ಮೆ ರಕ್ತ ಕೊಡೋದು, ಅಷ್ಟೆ. ನನ್ನ ಹೆಂಡತಿ ಹತ್ತಿರ ವಿನಾಯಿತಿ ಕಾರ್ಡ್ ಇದೆ, ಮಾತ್ರೆಗೆ ಒಂದು ಪೈಸೆ ಕೊಡಲ್ಲ. ರೂಪಾ ಅವರ ಡಿಎಂ ಹಟ ನನಗೆ ಸ್ವಲ್ಪ ಜಾಸ್ತಿ ಅನಿಸಿತು.

ರೂಪಾ ಹಾಸನ
ನಿಮ್ಮ ಜಿಪಿ ಹತ್ತಿರ ನಿಮ್ಮ ಹತ್ತು ವರ್ಷದ ದಾಖಲೆ ಕಂಪ್ಯೂಟರಲ್ಲಿ ಇರುತ್ತೆ ಸರ್. ಇಲ್ಲಿ ಡಾಕ್ಟರ್ ಒಬ್ಬರು, ಹೊರಗೆ ಕಾಯೋರು ಎಪ್ಪತ್ತು ಜನ. ಟೀಚರ್ ಅವರನ್ನ ಮೂವರು ನೋಡಿದರು, ಒಬ್ಬರೂ ಮಗುವಿನ ವಿಷಯ ಕೇಳಲಿಲ್ಲ. ಅದಕ್ಕೇ ನನ್ನ ಹಟ.

ಲೀಡ್ಸ್ ಲಿಂಗರಾಜು
ಕೇಳೋದಕ್ಕೆ ಡಿಎಂ ಬೇಕಾ? ಕೇಳುವ ಗುಣ ಇರೋ ಎಂಬಿಬಿಎಸ್ ಸಾಕಲ್ವಾ? ಮೂರನೆಯವರು ದೊಡ್ಡ ಆಸ್ಪತ್ರೆಯವರೇ ಅಂತ ಕಾಣುತ್ತೆ, ಅವರು ಕೇಳಿದರಾ?

ವಾರ್ಡ್ ರೌಂಡ್ಸ್
ಇಬ್ಬರೂ ಸರಿ ಅಂತ ಹೇಳಿ ತಪ್ಪಿಸಿಕೊಳ್ಳಲ್ಲ, ನನ್ನ ಲೆಕ್ಕ ಹೇಳ್ತೀನಿ. ಸೀದಾ ಸಾದಾ ಹೈಪೋ, ಒಂದು ಮಾತ್ರೆ, ಡೋಸ್ ಹೊಂದಿಕೊಂಡಿದೆ ಅಂದರೆ ಊರಿನ ಒಳ್ಳೆ ಫಿಸಿಷಿಯನ್ ಸಾಕು. ಬಸಿರು ಅಥವಾ ಅದರ ಯೋಚನೆ, ಚಿಕ್ಕ ಮಕ್ಕಳು, ಹೈಪರ್ ಥೈರಾಯ್ಡ್ (ಗ್ರಂಥಿ ಅತಿಯಾಗಿ ಕೆಲಸ ಮಾಡೋದು), ಕುತ್ತಿಗೆಯಲ್ಲಿ ಗಂಟು, ಹೃದಯದ ತೊಂದರೆ ಇರೋರು, ಮಾತ್ರೆ ಸರಿಯಾಗಿ ತಗೊಂಡರೂ ಟಿಎಸ್‌ಎಚ್ ಕುಣಿಯೋರು: ಇವರು ಒಮ್ಮೆಯಾದರೂ ಎಂಡೋಕ್ರೈನಾಲಜಿಸ್ಟ್ ನೋಡಲಿ. ಟೀಚರ್ ಮೇಡಂ ಈ ಎರಡನೇ ಗುಂಪು.

ಹುಬ್ಬಳ್ಳಿ ಬಸ್
ಹೈಪರ್ ಅಂದಿರಲ್ಲ, ನನ್ನದು ಅದೇ. ಗ್ರೇವ್ಸ್ ಕಾಯಿಲೆ. ಎಲ್ಲರೂ ಥೈರಾಯ್ಡ್ ಅಂದ್ರೆ ದಪ್ಪ ಆಗೋದು ಅಂದುಕೊಂಡಿದ್ದಾರೆ. ನಾನು ತಿಂದಷ್ಟೂ ಇಳೀತಿದ್ದೆ, ಎದೆ ಡವಡವ, ಕೈ ನಡುಗಿ ಚಹಾ ಸಾಸರಿಗೆ ಚೆಲ್ಲುತ್ತಿತ್ತು. ಮೊದಲು ತೋರಿಸಿದವರು ಟೆನ್ಷನ್ ಅಂತ ನಿದ್ದೆ ಮಾತ್ರೆ ಕೊಟ್ಟರು. ಆಮೇಲೆ ಹುಬ್ಬಳ್ಳಿಯಲ್ಲೇ ಡಿಎಂ ಡಾಕ್ಟರ್ ಸಿಕ್ಕರು.

ಅವರು ರಿಪೋರ್ಟ್ ಪಕ್ಕಕ್ಕಿಟ್ಟು ಮೊದಲು ನಾಡಿ ನೋಡಿದರು. ಎರಡೂ ಕೈ ಮುಂದೆ ಚಾಚಿಸಿ ಬೆರಳ ಮೇಲೆ ಒಂದು ಹಾಳೆ ಇಟ್ಟರು, ಅದು ಪಟಪಟ ನಡುಗಿತು. ಆಮೇಲೆ ನನ್ನ ಹಿಂದೆ ನಿಂತು, ಎರಡೂ ಕೈಬೆರಳು ಕುತ್ತಿಗೆ ಮುಂದೆ ಇಟ್ಟು, ಒಂದು ಲೋಟ ನೀರು ಕೊಟ್ಟು "ಒಂದು ಗುಟುಕು ಬಾಯಲ್ಲಿ ಇಟ್ಟುಕೊಳ್ಳಿ, ಹೇಳಿದಾಗ ನುಂಗಿ" ಅಂದರು. ನುಂಗಿದಾಗ ಗ್ರಂಥಿ ಮೇಲೆ ಕೆಳಗೆ ಆಡುತ್ತಂತೆ, ಬೆರಳಿಗೆ ಗೊತ್ತಾಗುತ್ತಂತೆ. ಸಿಗರೇಟ್ ಸೇದ್ತೀರಾ ಅಂತಲೂ ಕೇಳಿದರು, ಗ್ರೇವ್ಸ್ ಇರೋರಿಗೆ ಕಣ್ಣಿನ ತೊಂದರೆ ಅದರಿಂದ ಜಾಸ್ತಿ ಆಗುತ್ತೆ ಅಂತ.

ಗ್ರಂಥಿಯ ಕೆಲಸ ತಗ್ಗಿಸೋ ಕಾರ್ಬಿಮಜೋಲ್ ಬರೆದು, ಚೀಟಿಯ ಮೇಲೆ ಕೆಂಪು ಪೆನ್ನಲ್ಲಿ ಕನ್ನಡದಲ್ಲೇ ಬರೆದುಕೊಟ್ಟರು: ಜ್ವರ, ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ ತಕ್ಷಣ ರಕ್ತ ಪರೀಕ್ಷೆ. ಬಿಳಿ ರಕ್ತಕಣ ಬಿದ್ದುಹೋಗೋ ಅಪಾಯ ಅಪರೂಪಕ್ಕೆ ಇರುತ್ತಂತೆ.

ಚಳ್ಳಕೆರೆ ಟೀಚರ್
ನನ್ನ ಕುತ್ತಿಗೆಯನ್ನ ಇದುವರೆಗೆ ಯಾರೂ ಮುಟ್ಟಿ ನೋಡಿಲ್ಲ.

ಧಾರವಾಡದಾಕಿ
ಸ್ಕ್ಯಾನ್ ಬರದಾರ, ಕುತಗಿ ಮುಟ್ಟಿಲ್ಲ. ಭಾಳ ಚಲೋ ಆತು.

ಶಶಿ ಮೈಸೂರು
ಗಂಟು ವಿಷಯ ಬಂತಲ್ಲ, ನನ್ನ ತಂಗಿಗೆ ಸ್ಕ್ಯಾನ್‌ನಲ್ಲಿ 8 ಮಿಮೀ ಗಂಟು ಅಂತ ಬಂದಿದೆ. ಟೈರಾಡ್ಸ್ 3 ಅಂತ ಬರೆದಿದ್ದಾರೆ. ಮನೆಯಲ್ಲಿ ಎಲ್ಲ ಅಳ್ತಾ ಕೂತಿದ್ದಾರೆ. ಕಿದ್ವಾಯಿಗೆ ಕರೆದುಕೊಂಡು ಹೋಗಬೇಕಾ?

ವಾರ್ಡ್ ರೌಂಡ್ಸ್
ಅಳಬೇಡಿ ಅಂತ ಮೊದಲು ಹೇಳಿ. ಥೈರಾಯ್ಡ್ ಗಂಟು ತುಂಬ ಸಾಮಾನ್ಯ, ಬಹುಪಾಲು ಕ್ಯಾನ್ಸರ್ ಅಲ್ಲ. ಟೈರಾಡ್ಸ್ 3 ಅಂದ್ರೆ ಅನುಮಾನ ಕಡಿಮೆ ಅಂತ. ಅಷ್ಟು ಚಿಕ್ಕದಕ್ಕೆ ಸಾಮಾನ್ಯವಾಗಿ ಸೂಜಿ ಪರೀಕ್ಷೆ ಕೂಡ ಬೇಕಾಗಲ್ಲ. ಸ್ಕ್ಯಾನ್ ರಿಪೋರ್ಟ್ ತಗೊಂಡು ಒಮ್ಮೆ ಎಂಡೋಕ್ರೈನಾಲಜಿಸ್ಟ್ ನೋಡಿ, ಮೈಸೂರಲ್ಲೇ ಇದ್ದಾರೆ.

ಕಾಫಿ ಡಿಕಾಕ್ಷನ್
ನನ್ನ ದುಃಖ ಕೇಳಿ. ಮಾತ್ರೆ ತಗೊಂಡು ಒಂದು ಗಂಟೆ ಕಾಫಿ ಕುಡಿಯಬಾರದಂತೆ. ಬೆಳಿಗ್ಗೆ ಎದ್ದ ತಕ್ಷಣ ಕಾಫಿ ಇಲ್ಲದೆ ನಾನು ಮನುಷ್ಯನೇ ಅಲ್ಲ.

ಔಷಧಂಗಡಿ ಅಣ್ಣ
ಖಾಲಿ ಹೊಟ್ಟೆಗೆ ಬರೀ ನೀರಲ್ಲಿ ಮಾತ್ರೆ, ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿ, ತಿಂಡಿ ಏನೂ ಬೇಡ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ. ಬಸಿರಿಯರಿಗೆ ಈ ಎರಡೂ ಕೊಡ್ತಾರೆ, ಎಲ್ಲವನ್ನೂ ಬೆಳಿಗ್ಗೆ ಒಟ್ಟಿಗೇ ನುಂಗಿಬಿಡ್ತಾರೆ. ಟೀಚರಮ್ಮ ಮುಂದಕ್ಕೆ ಇದನ್ನ ನೆನಪಿಟ್ಟುಕೊಳ್ಳಿ.

ಬಾಟಲಿಯನ್ನ ಒಲೆ ಪಕ್ಕ, ಕಿಟಕಿ ಮೇಲೆ ಇಡಬೇಡಿ. ಬಿಸಿ, ತೇವ ಎರಡೂ ಆಗಲ್ಲ ಅದಕ್ಕೆ. ಥೈರೋನಾರ್ಮ್, ಎಲ್ಟ್ರಾಕ್ಸಿನ್ ಯಾವುದೇ ಆಗಲಿ, ಹೊಂದಿಕೊಂಡ ಬ್ರ್ಯಾಂಡ್ ಬದಲಿಸಬೇಡಿ. ಬದಲಿಸಿದರೆ ಆರೆಂಟು ವಾರಕ್ಕೆ ಟೆಸ್ಟ್. ಲೆವೊಥೈರಾಕ್ಸಿನ್ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಬೆಲೆಗೆ ಸರ್ಕಾರದ ಮಿತಿ ಇದೆ. ಥೈರಾಯ್ಡ್‌ನಲ್ಲಿ ದುಡ್ಡು ಹೋಗೋದು ಮಾತ್ರೆಗಲ್ಲ, ಪ್ಯಾಕೇಜ್ ಟೆಸ್ಟ್‌ಗಳಿಗೆ. ಡೋಸ್ ಹೊಂದಿಕೊಂಡ ಹೈಪೋದವರಿಗೆ ಬಹುತೇಕ ಟಿಎಸ್‌ಎಚ್ ಒಂದೇ ಸಾಕು.

ಕಾಫಿ ಡಿಕಾಕ್ಷನ್
ಒಂದು ಗಂಟೆ ಅಂದ್ರೆ ಸೀರಿಯಸ್ಸಾಗಿ ಒಂದು ಗಂಟೆನಾ?

ವಾರ್ಡ್ ರೌಂಡ್ಸ್
ರಾತ್ರಿ ಊಟ ಆಗಿ ಮೂರು ಗಂಟೆ ಬಿಟ್ಟು ಮಲಗುವ ಮುಂಚೆ ತಗೊಳ್ಳೋದೂ ಒಂದು ದಾರಿ, ಅದೂ ಚೆನ್ನಾಗಿ ಕೆಲಸ ಮಾಡುತ್ತೆ ಅಂತ ಅಧ್ಯಯನಗಳಿವೆ. ನಿಮ್ಮ ಡಾಕ್ಟರ್‌ನ ಕೇಳಿ.

ಕಾಫಿ ಡಿಕಾಕ್ಷನ್
ನಿಮ್ಮ ಹೊಟ್ಟೆ ತಣ್ಣಗಿರಲಿ.

ನೀಲಿ ಚಪ್ಪಲಿ
ನಾನು ಮಾತ್ರೆ ತಗೊಂಡು ವರ್ಷ ಆಯ್ತು, ತೂಕ ಇಳೀಲೇ ಇಲ್ಲ. 14 ಕೆಜಿ ಏರಿದ್ದೆ. ಡೋಸ್ ಜಾಸ್ತಿ ಮಾಡಿಸಿಕೊಂಡರೆ ಇಳಿಯುತ್ತಾ?

ವಾರ್ಡ್ ರೌಂಡ್ಸ್
ಬೇಡ. ಹೈಪೋದಿಂದ ಏರೋದು ಸಾಮಾನ್ಯವಾಗಿ ಎರಡರಿಂದ ನಾಲ್ಕು ಕೆಜಿ, ಅದರಲ್ಲೂ ಮೈಯಲ್ಲಿ ನಿಲ್ಲೋ ಉಪ್ಪು ಮತ್ತು ನೀರಿನದೇ ಜಾಸ್ತಿ. ಮಿಕ್ಕಿದ್ದಕ್ಕೆ ಬೇರೆ ಕಾರಣ ಹುಡುಕಬೇಕು. ಡೋಸ್ ಹೆಚ್ಚಾದರೆ ಎದೆಬಡಿತ ಏರುಪೇರಾಗುತ್ತೆ, ಮೂಳೆ ಸವೆಯುತ್ತೆ.

ಸುಬ್ಬು ಮಾಸ್ತರ್
ಬೆಕ್ಕಿಗೂ ಥೈರಾಯ್ಡ್ ಬರುತ್ತಾ? ನಮ್ಮ ಮುದಿ ಬೆಕ್ಕು ಎಷ್ಟು ತಿಂದರೂ ಸೊರಗುತ್ತಿದೆ, ರಾತ್ರಿಯೆಲ್ಲ ಕೂಗುತ್ತೆ.

ಹುಬ್ಬಳ್ಳಿ ಬಸ್
ಮಾಸ್ತರೇ, ಅದು ನನ್ನದೇ ಕಥೆ. ವಯಸ್ಸಾದ ಬೆಕ್ಕುಗಳಿಗೆ ಹೈಪರ್ ಸಾಮಾನ್ಯ ಅಂತ ನಮ್ಮ ಪಶುವೈದ್ಯರು ಹೇಳಿದ್ದರು. ತೋರಿಸಿ.

ಗಿರಿಜಾ ತುಮಕೂರು
ಮತ್ತೆ ವಿಷಯಕ್ಕೆ ಬರೋಣ. ಟೀಚರ್, ದಾವಣಗೆರೆಯಲ್ಲಿ ಮೆಡಿಕಲ್ ಕಾಲೇಜುಗಳಿವೆ. ಅಲ್ಲಿಯ ಒಪಿಡಿಯಲ್ಲಿ ಎಂಡೋಕ್ರೈನಾಲಜಿಸ್ಟ್ ಯಾವ ದಿನ ಬರ್ತಾರೆ ಅಂತ ಫೋನ್ ಮಾಡಿ ಕೇಳಿ ಹೋಗಿ, ಸುಮ್ನೆ ಹೋಗಿ ಕಾಯಬೇಡಿ. ಬೆಂಗಳೂರೇ ಬೇಕು ಅಂದ್ರೆ ಸೇಂಟ್ ಜಾನ್ಸ್‌ನಲ್ಲಿ ಪ್ರತ್ಯೇಕ ಎಂಡೋಕ್ರೈನಾಲಜಿ ವಿಭಾಗ ಇದೆ. ಸರ್ಕಾರಿಯಲ್ಲಿ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಇದೆ. ಮೊದಲು ಡಯಾಬಿಟಾಲಜಿ ಇನ್‌ಸ್ಟಿಟ್ಯೂಟ್ ಅಂತ ಕರೀತಿದ್ದರು, ಹಳಬರಿಗೆ ಆ ಹೆಸರೇ ಗೊತ್ತು. ನಮ್ಮ ಅತ್ತೆಗೆ ಅಲ್ಲೇ ತೋರಿಸೋದು. ಕ್ಯೂ ಇರುತ್ತೆ, ಬೆಳಿಗ್ಗೆ ಬೇಗ ಹೋಗಬೇಕು.

ಡಾಕ್ಟರ್ ಚೀಟಿ ಮೇಲೆ ರಿಜಿಸ್ಟ್ರೇಷನ್ ನಂಬರ್ ಇರಲೇಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) ವೆಬ್‌ಸೈಟಲ್ಲಿ ಇಂಡಿಯನ್ ಮೆಡಿಕಲ್ ರಿಜಿಸ್ಟರ್ ಇದೆ, ಹೆಸರು ಹಾಕಿ ನೋಡಬಹುದು. ಗೂಗಲ್ ಸ್ಟಾರ್ ನಂಬಬೇಡಿ. ಅರ್ಧ ಜನ ಪಾರ್ಕಿಂಗ್ ಚೆನ್ನಾಗಿದೆ ಅಂತ ಐದು ಸ್ಟಾರ್ ಕೊಟ್ಟಿರುತ್ತಾರೆ.

ಬೆಣ್ಣೆದೋಸೆ
ಪಾರ್ಕಿಂಗ್ ಚೆನ್ನಾಗಿರೋದು ಬೆಂಗಳೂರಲ್ಲಿ ದೊಡ್ಡ ವಿಷಯ ಕಣ್ರೀ.

ಅಮ್ಮು ಕುಂದಾಪ್ರ
ಟೀಚರ್, ಮುಂದೆ ಮಗು ಹುಟ್ಟಿದಾಗ ಅದಕ್ಕೂ ಥೈರಾಯ್ಡ್ ಟೆಸ್ಟ್ ಮಾಡಿಸಿ. ನನ್ನ ಮಗಳಿಗೆ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಮಾಡಿದ್ದರು. ತೊಂದರೆ ಇದ್ದರೆ ಮೊದಲ ಎರಡು ವಾರದೊಳಗೆ ಮಾತ್ರೆ ಶುರು ಮಾಡಿದರೆ ಮಿದುಳಿನ ಬೆಳವಣಿಗೆಗೆ ಪೆಟ್ಟಾಗಲ್ಲ ಅಂದರು. ಎಲ್ಲ ಆಸ್ಪತ್ರೆಯಲ್ಲೂ ತಾವಾಗೇ ಮಾಡಲ್ಲ, ಕೇಳಬೇಕು.

ಚಳ್ಳಕೆರೆ ಟೀಚರ್
ಎಲ್ಲರಿಗೂ ಅಪ್ಡೇಟ್. ಕೂದಲಿನ ಮಾತ್ರೆ ನಿಲ್ಲಿಸಿ, ಬೆಳಿಗ್ಗೆಯೇ ನಮ್ಮೂರ ಮೊದಲಿನ ಲ್ಯಾಬಲ್ಲಿ ರಕ್ತ ಕೊಟ್ಟೆ. ಟಿಎಸ್‌ಎಚ್ 8.1, ಆಂಟಿ ಟಿಪಿಒ ಪಾಸಿಟಿವ್. ದಾವಣಗೆರೆಯಲ್ಲೇ ಡಿಎಂ ಮಾಡಿದ ಮೇಡಂ ಒಬ್ಬರು ಸಿಕ್ಕರು. ಒಳಗೆ ಹೋಗಿ ಕೂತ ತಕ್ಷಣ ಮಗುವಿನ ವಿಷಯ ಹೇಳಿಬಿಟ್ಟೆ. ಅವರು ಪೆನ್ನು ಕೆಳಗಿಟ್ಟು ಮೊದಲ ಹೆರಿಗೆಯ ಬಗ್ಗೆ, ಆಮೇಲೆ ಅಮ್ಮನ ಬಗ್ಗೆ ಕೇಳಿದರು. ನೀರು ಕೊಟ್ಟು ಕುತ್ತಿಗೆನೂ ನೋಡಿದರು!

50ರದ್ದು ಶುರು ಮಾಡಿದ್ದಾರೆ. ಆರು ವಾರ ಬಿಟ್ಟು ಬರೀ ಟಿಎಸ್‌ಎಚ್ ಮಾಡಿಸಿ ರಿಪೋರ್ಟ್ ವಾಟ್ಸಾಪ್ ಮಾಡಿದರೆ ಸಾಕಂತೆ. ಅಷ್ಟರವರೆಗೆ ಮಗುವಿಗೆ ಆತುರ ಬೇಡ ಅಂದರು. ಫೀಸು 600. ಯಜಮಾನ್ರು ವಾಪಸ್ ಬರುವಾಗ ಮಾತಾಡಿದರು.

ಬೆಣ್ಣೆದೋಸೆ
50ರದ್ದೇ! ನಿಮ್ಮೂರ ಡಾಕ್ಟರ್ ಬರೆದದ್ದೂ ಅದೇ ಅಲ್ವಾ?

ರೂಪಾ ಹಾಸನ
ಅದೇ ಮಾತ್ರೆ ಇರಬಹುದು, ಆದರೆ ಯಾಕೆ ಅಂತ ಹೇಳಿ ಕೊಟ್ಟಿದ್ದಾರೆ, ಮತ್ತೆ ಯಾವಾಗ ನೋಡಬೇಕು ಅಂತಲೂ ಹೇಳಿದ್ದಾರೆ.

ಲೀಡ್ಸ್ ಲಿಂಗರಾಜು
ನನ್ನ ಲೆಕ್ಕದಲ್ಲಿ ಊರಿನ ಡಾಕ್ಟರ್‌ಗೂ ಅರ್ಧ ಮಾರ್ಕ್ಸ್ ಕೊಡಬೇಕು. ಟೆಸ್ಟ್ ಬರೆದವರೇ ಅವರು.

ರೂಪಾ ಹಾಸನ
ಅರ್ಧ ಆಯ್ತು, ಜಾಸ್ತಿ ಬೇಡ.

ಚಳ್ಳಕೆರೆ ಟೀಚರ್
ಇನ್ನೊಂದು ಡೌಟು. ನಾಳೆ ಏಕಾದಶಿ. ನಮ್ಮ ಅತ್ತೆ ಮಾತ್ರೆ ನುಂಗಿದರೆ ಉಪವಾಸ ಮುರಿಯುತ್ತೆ ಅಂತಿದ್ದಾರೆ. ಒಂದು ದಿನ ಬಿಡಬಹುದಾ?

ಔಷಧಂಗಡಿ ಅಣ್ಣ
ಒಂದು ದಿನ ಬಿಟ್ಟರೆ ಆಕಾಶವೇನೂ ಬೀಳಲ್ಲ, ಆದರೆ ಬಿಡೋದು ಯಾಕೆ? ಖಾಲಿ ಹೊಟ್ಟೆಗೆ ತಗೊಳ್ಳೋ ಮಾತ್ರೆಗೆ ಏಕಾದಶಿಗಿಂತ ಒಳ್ಳೆ ದಿನ ಸಿಗುತ್ತಾ?

ಧಾರವಾಡದಾಕಿ
ನಮ್ಮ ಮನ್ಯಾಗ ಅತ್ತಿನೂ ಗುಳಿಗಿ ತಗೋತಾರ, ಏಕಾದಶಿನೂ ಮಾಡ್ತಾರ. ನೀರಿನ ಕೂಡ ಔಷಧ ನಡೀತದ ಅಂತ ಅವರೇ ಹೇಳ್ತಾರ.

ಚಳ್ಳಕೆರೆ ಟೀಚರ್
ಇದನ್ನ ಹಾಗೇ ಅತ್ತೆಗೆ ಓದಿ ಹೇಳಿದೆ. "ಆ ಧಾರವಾಡದವರ ಅತ್ತೆ ಸಾಬುದಾನಿ ತಿಂತಾರಾ ಕೇಳು" ಅಂತಿದ್ದಾರೆ.

ಧಾರವಾಡದಾಕಿ
ತಿಂತಾರ್ರಿ. ಶೇಂಗಾ ಹಾಕಿ.